ಫರಸಿ ಕಲ್ಲಿನೊಳಗಿನ ಹಾವು

ಖುರ್ಷಿದಬೇಗಂ ಗೋಡೆ ಕಟ್ಟಿಸುವುದೆಂದರೆ ಕಟ್ಟಿಸುವುದೇ. ಚಿತ್ತಾಪುರದ ಆ ಓಣಿಯಲ್ಲಿ ಅವಳ ಮನೆಗೂ ಅಮೃತಮ್ಮನ ಮನೆಗೂ ಅಂಗಳ ಒಂದೇ. ಇಬ್ಬರೂ ಸೊಸೆಯರಾಗಿ ಬಂದ ಕಾಲದಿಂದ ಅಲ್ಲಿ ಯಾರ ಉಪ್ಪು, ಯಾರ ಹಿಟ್ಟು ಎಂದು ಕೇಳಿದವರಿರಲಿಲ್ಲ. ಅದನ್ನೆಲ್ಲ ಕೆಡಿಸಿದ್ದು ಒಂದು ಕೋಳಿ. ಖುರ್ಷಿದಳ ಕೋಳಿ ಅಮೃತಮ್ಮ ಒಣಹಾಕಿದ್ದ ಶಾವಿಗೆಯ ಮೇಲೆ ಓಡಾಡಿತು, ಅಮೃತಮ್ಮ ಕಟ್ಟಿಗೆ ಬೀಸಿದಳು, ಕೋಳಿ ಕುಂಟಿತು. ಅಲ್ಲಿಗೆ ಮುಗಿಯಬಹುದಿತ್ತು. ಆದರೆ ಅಮೃತಮ್ಮನ ನಾಲಗೆಗೆ ಲಗಾಮು ಎಲ್ಲಿ?

"ಸೊಸೀನ್ನೇ ಇಟಗೊಳ್ಳಾಕ ಬರಲಿಲ್ಲ, ಕೋಳೀನ್ನ ಏನ್ ಇಟಗೋತಾಳ" ಎಂದುಬಿಟ್ಟಳು.

ವಾಡಿಯ ಕಾರ್ಖಾನೆಯಲ್ಲಿ ಹೊಸದಾಗಿ ಕೆಲಸ ಹಿಡಿದ ಖುರ್ಷಿದಳ ಮಗ ಹೆಂಡತಿಯನ್ನು ಕರೆದುಕೊಂಡು ಹೋಗಿ ಬೇರೆ ಮನೆ ಮಾಡಿದ್ದ. ಗಂಡ ತೀರಿಕೊಂಡ ಮನೆಯಲ್ಲಿ ಒಬ್ಬಳೇ ಉಳಿದ ಖುರ್ಷಿದಳಿಗೆ ಆ ಮಾತು ಎದೆಗೆ ನಾಟಿತು. ಗಂಡ ಇದ್ದಾಗ ಶಹಾಬಾದಿನಿಂದ ತರಿಸಿ ಅಂಗಳದ ನಡುವೆ ಒಟ್ಟಿದ್ದ, ನೆಲಕ್ಕೆ ಹಾಸುವ ಫರಸಿ ಕಲ್ಲುಗಳಿದ್ದವು. ಎರಡು ಮನೆಗಳ ನಡುವೆ ಗೋಡೆ ಎಬ್ಬಿಸಲು ಬೇರೇನು ಬೇಕು? ಗೌಂಡಿ ಗೊಲ್ಲಾಳಪ್ಪನಿಗೆ ಹೇಳಿ ಕಳಿಸಿದಳು.

ಗೊಲ್ಲಾಳಪ್ಪ ಬಂದು ಮೇಲಿನ ಕಲ್ಲು ಎತ್ತಿದ. ಒಳಗೆ ದಪ್ಪನೆಯ ಬಾಲವೊಂದು ಸರಕ್ಕನೆ ಸರಿಯಿತು. ಕಲ್ಲು ಅಲ್ಲೇ ಬಿಟ್ಟು ಅಂಗಳದ ಬೇವಿನ ಮರದ ಬುಡಕ್ಕೆ ಹಾರಿದ.

"ಒಳಗ ಹುಳ ಅದರಿ" ಎಂದ.

ಹೊಸ್ತಿಲಲ್ಲಿ ಅಕ್ಕಿ ಹಸನು ಮಾಡುತ್ತಿದ್ದ ಅಮೃತಮ್ಮ ತಲೆ ಎತ್ತದೆ, "ನಾಗಪ್ಪ ಅದಾನ. ಅವನ ಮನಿ ಕೆಡವಬ್ಯಾಡ ಅಂತ ಹೇಳು ಅಕಿಗೆ" ಎಂದಳು.

"ಇಲಿ ತಿನ್ನೂ ಕೇರಿ ಹಾವು ಅದು, ನಾಗಪ್ಪ ಅಲ್ಲ ಅಂತ ನೀ ಹೇಳು ಅಕಿಗೆ" ಎಂದಳು ಖುರ್ಷಿದ.

ನಡುವೆ ಸಿಕ್ಕ ಗೊಲ್ಲಾಳಪ್ಪ ಗಾರೆಯ ಕರಣಿಯನ್ನು ಚೀಲಕ್ಕೆ ಹಾಕಿದ. "ನಾ ಬಾಲ ನೋಡೀನ್ರಿ, ಮುಖ ನೋಡಿಲ್ಲ. ಕೇರಿ ಇದ್ರ ಗೋಡಿ ಕಟ್ಟತೀನಿ. ನಾಗಪ್ಪ ಇದ್ರ ಕೈ ಹಚ್ಚಲ್ಲ. ಇಬ್ಬರೂ ನೋಡಿ, ಒಂದೇ ಮಾತು ಹೇಳ್ರಿ."

ಖುರ್ಷಿದ ಒಬ್ಬಳೇ ಕಾದರೆ ಕೇರೆ ಹಾವೇ ಕಾಣುತ್ತದೆ, ಅಮೃತಮ್ಮ ಒಬ್ಬಳೇ ಕಾದರೆ ನಾಗಪ್ಪನೇ. ಹಾಗಾಗಿ ಮರುದಿನದಿಂದ ಇಬ್ಬರೂ ತಮ್ಮ ತಮ್ಮ ಹೊಸ್ತಿಲಲ್ಲಿ ಕುಳಿತು ಕಲ್ಲಿನ ಒಟ್ಟಿಲನ್ನು ಕಾಯತೊಡಗಿದರು. ಮುಖ ಊದಿಸಿಕೊಂಡು ಎಷ್ಟು ಹೊತ್ತು ಕೂರಲಾದೀತು? ಮೊದಲು ಬಾಯಿಬಿಟ್ಟವಳು ಖುರ್ಷಿದ, ಅದೂ ಗಾಳಿಗೆ ಹೇಳಿದ ಹಾಗೆ.

"ಕೇರಿಗೆ ಕಣ್ಣು ಭಾಳ ದೊಡ್ಡವು. ತುಟಿ ಮ್ಯಾಲ ಕರೀ ದಾರದಲೆ ಹೊಲದಂಗ ಗೆರಿ ಇರತಾವ."

"ನಾಗಪ್ಪಗ ಹೆಡಿ ಇರತದ" ಎಂದಿತು ಆಚೆಯ ಹೊಸ್ತಿಲು.

"ಎತ್ತಿದ್ರ ಅಲ್ಲ ಕಾಣೂದು?"

"ನಿನ್ನ ಮಾರಿ ನೋಡಿದ್ರ ಎತ್ತೇ ಎತ್ತತಾನ."

ಖುರ್ಷಿದಳಿಗೆ ನಗು ಉಕ್ಕಿ ಬಂತು. ಸೆರಗು ಬಾಯಿಗೆ ಒತ್ತಿ ಕೆಮ್ಮಿದಂತೆ ಮಾಡಿದಳು.

ಮರುದಿನ ಅಮೃತಮ್ಮ "ಹೆಚ್ಚಾಗ್ಯಾದ, ಚೆಲ್ಲೂದ್ಯಾಕ" ಎಂದು ಚಹಾ ತಂದಿಟ್ಟಳು. ಅದರ ಮರುದಿನ ಖುರ್ಷಿದ ಶೇಂಗಾ ಹುರಿದಳು. ಆಮೇಲೆ ಬೇವಿನ ನೆರಳಿಗೆ ಒಂದೇ ಕೌದಿ ಬಿತ್ತು. ಹಾವೋ, ಇವರ ಮಾತಿಗೆ ಅಡ್ಡ ಬರಬಾರದೆಂಬ ಮರ್ಯಾದೆಯಿಂದ ಒಳಗೇ ಇತ್ತು. ಒಂದು ಮುಂಜಾನೆ ಶೇಂಗಾ ಸಿಪ್ಪೆ ಸುಲಿಯುತ್ತ ಅಮೃತಮ್ಮ, "ಆಪಾ, ಸೊಸಿ ಮಾತು ನಾ ಆಡಬಾರದಿತ್ತು" ಎಂದಳು. "ಕೋಳಿ ಈಗ ಚೆಂದ ನಡೀಲಿಕತ್ತದ" ಎಂದಳು ಖುರ್ಷಿದ. ಅಷ್ಟೇ. ಆದರೆ ಎಷ್ಟೋ ತಿಂಗಳ ಮೇಲೆ ಅವಳಿಗೆ ಬೆಳಗಾಗುವುದೇ ಹಿತವೆನಿಸುತ್ತಿತ್ತು.

ಬೇರೆ ಕಡೆ ಕೆಲಸ ಮುಗಿಸಿದ ಗೊಲ್ಲಾಳಪ್ಪ ವಿಚಾರಿಸಲು ಬಂದ ಹೊತ್ತಿಗೇ ಹಾವು ಹೊರಬರಬೇಕೆ? ಮೊದಲು ತಲೆ, ಆಮೇಲೆ ಮುಗಿಯದಷ್ಟು ಮೈ. ಕಂದು ಬಣ್ಣ, ದುಂಡನೆಯ ದೊಡ್ಡ ಕಣ್ಣು, ತುಟಿಯ ಮೇಲೆ ಕರಿಗೆರೆ. ಖುರ್ಷಿದಳ ಕೋಳಿ ಕೊಕ್ಕೊಕ್ಕೋ ಎಂದು ಎದುರು ಬಂದರೂ ಹೆಡೆಯ ಸುಳಿವಿಲ್ಲ. ಹಾವು ಕತ್ತು ಹೊರಳಿಸಿ ಬೇಲಿಯ ಕಡೆ ಓಟ ಕಿತ್ತಿತು.

ಅಮೃತಮ್ಮ ಕೈ ಜೋಡಿಸಿದ್ದವಳು ಮೆಲ್ಲಗೆ ಕೈ ಇಳಿಸಿದಳು. "ದೇವರ ಹೆಸರಿನ ಮ್ಯಾಲ ಸುಳ್ಳು ಹೇಳಬಾರದು. ಕೇರಿನೇ ಅದ. ನೀ ಗೆದ್ದಿ, ಆಪಾ" ಎಂದು ಚಹಾದ ಲೋಟಗಳನ್ನು ಎತ್ತಿಕೊಂಡಳು. ದನಿ ಸೋತಿತ್ತು.

ಗೊಲ್ಲಾಳಪ್ಪ ಅಂಗಿಯ ತೋಳು ಮಡಚಿ ಕಲ್ಲಿಗೆ ಕೈ ಹಾಕಿದ. ಖುರ್ಷಿದ ಗೆದ್ದು ಇಷ್ಟು ಸಂಕಟಪಟ್ಟದ್ದು ಇದೇ ಮೊದಲು.

"ಕಲ್ಲು ಮುಟ್ಟಬ್ಯಾಡ" ಎಂದಳು. "ನಮ್ಮ ತವರು ಗುಂಡಗುರ್ತಿಯಾಗ ಏನಂತಾರ ಗೊತ್ತದೇನು? ಕೇರಿ ಹೆಂಡತಿ, ನಾಗಪ್ಪ ಗಂಡ. ಹೆಂಡತಿ ಹೊರಗ ಬಂದಾಳ ಅಂದ್ರ ಗಂಡ ಒಳಗೇ ಅದಾನ."

"ಮನ್ನಿತನಕ ನೀವೇ ಕೇರಿ ಅಂತಿದ್ರಲ್ಲರಿ" ಎಂದ ಗೊಲ್ಲಾಳಪ್ಪ, ಕಲ್ಲಿನ ಮೇಲಿಟ್ಟ ಕೈ ತೆಗೆಯುತ್ತ.

ಅಮೃತಮ್ಮ ಖುರ್ಷಿದಳ ಮುಖವನ್ನೇ ನೋಡಿದಳು. ಆಮೇಲೆ ಲೋಟಗಳನ್ನು ಮತ್ತೆ ಕೌದಿಯ ಮೇಲಿಟ್ಟಳು.

"ಖರೇ ಅದ. ಗಂಡನ ಮುಖಾ ನೋಡೂತನಕ ಗೋಡಿ ಏಳಂಗಿಲ್ಲ."

"ಅವ ಯಾವಾಗ ಹೊರಗ ಬರತಾನ್ರಿ?"

"ಗಂಡಸರದು ಏನ್ ಹೇಳಾಕ ಬರತದಪ್ಪ" ಎಂದಳು ಖುರ್ಷಿದ, ಕೌದಿಯ ಮೇಲೆ ಕಾಲು ಚಾಚಿ ಕೂರುತ್ತ. "ನಾವೇನು, ಇಲ್ಲೇ ಕುಂತಿರತೀವಿ."