ಸರ್ಟಿಫಿಕೇಟು ಯಾರ ಹೆಸರಲ್ಲಿ ಅದೆ?

"ಹೆಸ್ರು ಕೇಳದ್ರೆ ಎಂತ ಹೇಳ್ತ್ಯಾ? ಬೊಗಳು."

"ಕಿರಣ, ಒಡ್ಯಾ."

ಭಾಸ್ಕರ ಸ್ಟೇರಿಂಗಿನಿಂದ ಒಂದು ಕೈ ತೆಗೆದು ಮಾಬ್ಲನ ತಲೆಯ ಹಿಂದಕ್ಕೆ ಬಡಿದ. "ಅಲ್ಲಿ ಹೋಗಿ ಒಡ್ಯಾ ಅಂದ್ರೆ ನಾಲ್ಗೆ ಸೀಳ್ತೆ, ಬೇವರ್ಸಿ. ಕಿರಣ ಯಾರಿಗೂ ಒಡ್ಯಾ ಅನ್ನೂದಿಲ್ಲ. ಸರ್ ಅನ್ನು. ಕೈ ಮುಗಿಬ್ಯಾಡ. ಕುರ್ಚಿ ಕೊಟ್ರೆ ಕುರ್ಚಿ ಮೇಲೆ ಕೂರು. ನಿಮ್ಮ ಕೇರಿ ಬುದ್ಧಿ ತೋರ್ಸಿ ನೆಲದ ಮೇಲೆ ಕುಕ್ಕರುಗಾಲಲ್ಲಿ ಕೂತ್ಯೋ, ನನ್ನ ಕೆಲ್ಸ ಹಾಳು."

"ಆತು."

"ಆತು ಸರ್!"

"ಆತು ಸರ್."

ಹನ್ನೊಂದು ವರ್ಷದಲ್ಲಿ ಮಾಬ್ಲ ಆ ಪಿಕಪ್ಪಿನ ಮುಂದಿನ ಸೀಟಿನಲ್ಲಿ ಕೂತದ್ದು ಅದೇ ಮೊದಲು. ಕೂರುವ ಮುಂಚೆಯೇ ಭಾಸ್ಕರ ಸೀಟಿನ ಮೇಲೆ ಸಿಮೆಂಟಿನ ಖಾಲಿ ಚೀಲವೊಂದನ್ನು ಹಾಸಿದ್ದ. ಮಾಬ್ಲನ ಮೈಮೇಲೆ ಕಿರಣನ ಹಳೆಯ ಅಂಗಿಯಿತ್ತು. ವಾಪಸು ಕೊಡುವುದು ಬೇಡ, ಸುಟ್ಟುಬಿಡು ಎಂದು ಅದನ್ನು ಕೊಡುವಾಗಲೇ ಹೇಳಿಯಾಗಿತ್ತು.

ಭಟ್ಕಳದ ಮುಟ್ಟಳ್ಳಿಯ ಅಂಚಿನಲ್ಲಿ ಗುಡ್ಡ ಕಡಿದು ದೊಡ್ಡದೊಂದು ಗೋದಾಮು ಕಟ್ಟುವ ಕೆಲಸ ನಡೆದಿತ್ತು. ಮಣ್ಣು ಕಡಿಯುವ ಗುತ್ತಿಗೆ ಭಾಸ್ಕರನದು. ಅವನ ಹಿಟಾಚಿ ಓಡಿಸುವವನು ಅವನ ಅಕ್ಕನ ಮಗ ಕಿರಣ. ಆಪರೇಟರಿಗೆ ಮೂರು ದಿನದ ಸುರಕ್ಷತಾ ತರಬೇತಿ ಆಗಿರಬೇಕು, ಪರೀಕ್ಷೆ ಪಾಸಾಗಿ ಸರ್ಟಿಫಿಕೇಟು ತಂದಿರಬೇಕು, ಇಲ್ಲದಿದ್ದರೆ ಮಿಷನ್ನು ಗೇಟಿನೊಳಗೆ ಬರುವುದೇ ಬೇಡ ಎಂದು ಕೆಲಸ ಕೊಟ್ಟ ಕಂಪನಿ ಹಟ ಹಿಡಿಯಿತು. "ಅದೆಲ್ಲ ಮಕ್ಕಳ ಶಾಲೆ. ನಾ ಹೋಗೂದಿಲ್ಲ ಮಾವಾ," ಎಂದು ಕಿರಣ ಗೋವಾಕ್ಕೆ ಹೋಗಿ ಕೂತ. ಹೋದರೂ ಪಾಸಾಗುವವನಲ್ಲ ಎಂಬುದು ಭಾಸ್ಕರನಿಗೂ ಗೊತ್ತಿತ್ತು.

ಮಾಬ್ಲ ಊರು ಮುಟ್ಟಿಸಿಕೊಳ್ಳದ ಮುಕ್ರಿ ಕೇರಿಯವನು. ಲೆಕ್ಕಕ್ಕೆ ಹೆಲ್ಪರ್. ಹನ್ನೊಂದು ವರ್ಷ ಆ ಹಿಟಾಚಿಗೆ ಗ್ರೀಸು ಹಚ್ಚಿದ್ದ, ಚೈನಿನ ಕೆಸರು ಕೆರೆದಿದ್ದ. ಆಪರೇಟರುಗಳು ಕುಡಿದು ಬಿದ್ದ ದಿನಗಳಲ್ಲಿ ಅರ್ಧಕ್ಕೆ ನಿಂತ ಕೆಲಸವನ್ನು ತಾನೇ ಹತ್ತಿ ಮುಗಿಸಿದ್ದ. ಕೆಲಸ ಮುಗಿದ ಮೇಲೆ ಚಹಾ ಮಾತ್ರ ಅವನಿಗೆ ಶೆಡ್ಡಿನ ಹೊರಗೆ, ಪ್ಲಾಸ್ಟಿಕ್ ಕಪ್ಪಿನಲ್ಲಿ.

ಕುಮಟೆಯಲ್ಲಿ ತರಬೇತಿ ನಡೆದದ್ದು ಹೆದ್ದಾರಿ ಪಕ್ಕದ ಹಳೆಯ ಹಂಚಿನ ಶೆಡ್ಡಿನಲ್ಲಿ. ಹನ್ನೆರಡು ಮಂದಿ, ಹನ್ನೆರಡು ಕುರ್ಚಿ. ಕಲಿಸುವವರ ಹೆಸರು ಶ್ರೀಧರ. ಐವತ್ತು ದಾಟಿದ ಮನುಷ್ಯ, ಎಡಗೈಯಲ್ಲಿ ಎರಡು ಬೆರಳಿರಲಿಲ್ಲ. ಅವು ಎಲ್ಲಿ ಹೋದವು ಎಂದು ಯಾರೂ ಕೇಳಲಿಲ್ಲ.

"ಮಿಷನ್ ಹತ್ತುವ ಮೊದಲು ಎಂತ ಮಾಡ್ತೀರಿ?"

"ಊದುಬತ್ತಿ ಹಚ್ತೇವೆ," ಅಂದ ಒಬ್ಬ. ಎಲ್ಲರೂ ನಕ್ಕರು.

"ಹಚ್ಚಿ. ಹಚ್ಚಿ ಆದ್ಮೇಲೆ ಮಿಷನ್ನಿಗೆ ಒಂದು ಸುತ್ತು ಬನ್ನಿ. ಚೈನು ನೋಡಿ, ಪೈಪು ನೋಡಿ, ಅಡಿಯಲ್ಲಿ ಯಾರಾದ್ರೂ ಮಲಗಿದ್ದಾರಾ ನೋಡಿ. ನಗಬೇಡಿ. ನೆರಳಿಗೆ ಅಂತ ಚೈನಿನ ಪಕ್ಕ ಮಲಗಿದವಳನ್ನ ನಾನು ಎತ್ತಿದ್ದೇನೆ."

ಆಮೇಲೆ ಯಾರೂ ನಗಲಿಲ್ಲ.

ಎರಡನೆಯ ದಿನ ಗುಡ್ಡ ಕಡಿಯುವ ಪಾಠ. ಬುಡ ಕೊರೆಯಬಾರದು, ಮೇಲಿನಿಂದ ಮೆಟ್ಟಿಲು ಮೆಟ್ಟಿಲಾಗಿ ಇಳಿಯಬೇಕು ಎಂದು ಶ್ರೀಧರ ಬೋರ್ಡಿನ ಮೇಲೆ ಗೆರೆ ಎಳೆಯುತ್ತಿದ್ದಾಗ ಮಾಬ್ಲನ ಬಾಯಿ ತಾನಾಗಿ ತೆರೆಯಿತು.

"ಸರ್, ನಮ್ಮ ಬದಿ ಮೇಲೆ ಚಿರೇಕಲ್ಲು, ಕೆಳಗೆ ಬಿಳೀ ಜೇಡಿಯಂಥ ಶೇಡಿ ಮಣ್ಣು. ಶೇಡಿ ನೀರು ಕುಡದ್ರೆ ಬೆಣ್ಣೆ ಆಗ್ತದೆ. ಆವಾಗ ಕಲ್ಲು ಉದುರೂದಿಲ್ಲ. ಇಡೀ ಗುಡ್ಡ ಒಂದೇ ಸಲ ಕೂತ್ಬಿಡ್ತದೆ. ಅದ್ಕೆ ಮೊದ್ಲು ನೆತ್ತಿ ಮೇಲೆ ಬಿರುಕು ಬಿಟ್ಟದ್ಯಾ ಅಂತ ಹತ್ತಿ ನೋಡ್ಬೇಕು."

"ಯಾರು ಹೇಳಿಕೊಟ್ಟದ್ದು?"

"ಅಪ್ಪ ಕಲ್ಲು ಕಡೀತಿದ್ದ, ಸರ್."

ಶ್ರೀಧರ ಬಳಪ ಕೆಳಗಿಟ್ಟರು. "ಕಿರಣ್ ಹೇಳಿದ್ದನ್ನ ಎಲ್ಲರೂ ಬರ್ಕೊಳ್ಳಿ."

ಹನ್ನೊಂದು ಜನ ತಲೆ ಬಗ್ಗಿಸಿ ಬರೆದುಕೊಂಡರು. ಮಾಬ್ಲ ತನ್ನ ಎರಡು ಕೈಯನ್ನು ಎಲ್ಲಿಡಬೇಕೆಂದು ತಿಳಿಯದೆ ತೊಡೆಯ ಅಡಿಗೆ ಹಾಕಿಕೊಂಡ. ಚಹಾದ ಹೊತ್ತಿನಲ್ಲಿ ಗಾಜಿನ ಲೋಟ ಕೊಟ್ಟರು. ಕುಡಿದು ತೊಳೆಯಲು ಎದ್ದವನನ್ನು ಶ್ರೀಧರ ತಡೆದರು: "ಅಲ್ಲೇ ಇಡಿ. ನೀವು ಬನ್ನಿ, ಮಿಷನ್ ಹತ್ತಿರ ಹೋಗುವ." ಮೂವತ್ತಾರು ವರ್ಷದಲ್ಲಿ ಅವನಿಗೆ ಯಾರೂ 'ನೀವು' ಅಂದಿರಲಿಲ್ಲ. ಈಗಲೂ ಅಂದದ್ದು ಕಿರಣನಿಗೆ.

ಮೂರನೆಯ ದಿನ ಪರೀಕ್ಷೆಯಲ್ಲಿ ಅವನೇ ಮೊದಲು. ರಾತ್ರಿಯೆಲ್ಲ ರೂಢಿ ಮಾಡಿಕೊಂಡಿದ್ದ ಕಿರಣನ ಸಹಿಯನ್ನು ಹಾಕಿದ. "ನಿಮ್ಮಂಥವರು ಇದ್ದ ಸೈಟಿನಲ್ಲಿ ಯಾರೂ ಸಾಯುವುದಿಲ್ಲ," ಎಂದು ಶ್ರೀಧರ ಅವನ ಕೈ ಕುಲುಕಿದರು.

ಎರಡು ವಾರದಲ್ಲಿ ಸರ್ಟಿಫಿಕೇಟು ಬಂತು. ಕಿರಣನ ಹೆಸರು, ಭಾಸ್ಕರ ಮೊದಲೇ ಕೊಟ್ಟುಬಂದಿದ್ದ ಕಿರಣನ ಫೋಟೋ, ಕೆಳಗೆ ಶ್ರೀಧರರ ಸಹಿ. ಭಾಸ್ಕರ ಅದಕ್ಕೆ ಗಾಜು ಹಾಕಿಸಿ ಸೈಟಿನ ಶೆಡ್ಡಿನಲ್ಲಿ ತೂಗುಹಾಕಿದ. ಮೊಳೆ ಹೊಡೆದವನು ಮಾಬ್ಲ.

ಜೂನಿನ ಮೊದಲ ಮಳೆ ನಾಲ್ಕು ದಿನ ಬಿಡದೆ ಹೊಡೆದು ಐದನೆಯ ದಿನ ಹೊಳವಾಯಿತು. ಕಿರಣ ಹಿಟಾಚಿ ಹತ್ತಿ, ಮೊಬೈಲು ಎದುರಿಗೆ ಸಿಕ್ಕಿಸಿ, ಹಾಡು ಹಚ್ಚಿಕೊಂಡು ಗುಡ್ಡದ ಬುಡಕ್ಕೆ ಬಕೆಟ್ ಹಾಕಿದ. ಶೇಡಿ ಮೆತ್ತಗಿತ್ತು, ಬೇಗ ಬೇಗ ಬಂತು. ಒಂದು ತಾಸಿನಲ್ಲಿ ಗುಡ್ಡದ ಹೊಟ್ಟೆ ಒಳಗೆ ಹೋಯಿತು. ಚಿರೇಕಲ್ಲಿನ ತಲೆ ಮುಂದೆ ಚಾಚಿ ನಿಂತಿತು. ಅದರ ಅಡಿಯಲ್ಲೇ ಕೇರಿಯ ಐದು ಹೆಂಗಸರು ಉದುರಿದ ಕಲ್ಲನ್ನು ಹೆಡಗೆಯಲ್ಲಿ ಹೊರುತ್ತಿದ್ದರು. ಅವರಲ್ಲಿ ಮಾಬ್ಲನ ಹೆಂಡತಿ ಕಲ್ಪನಾ ಇದ್ದಳು, ಅರವತ್ತರ ತಿಮ್ಮಿ ಚಿಕ್ಕಿಯೂ ಇದ್ದಳು.

ಮಾಬ್ಲ ನೆತ್ತಿಗೆ ಹತ್ತಿ ನೋಡಿಬಂದ. ಹುಲ್ಲಿನ ನಡುವೆ ಕೈ ಹೋಗುವಷ್ಟು ಬಿರುಕಿತ್ತು. ಓಡಿ ಬಂದು ಮಿಷನ್ನಿನ ಎದುರು ಎರಡೂ ಕೈ ಎತ್ತಿ ನಿಂತ.

"ನಿಲ್ಸಿ, ಸಣ್ಣೊಡ್ಯಾ! ಮೇಲೆ ಒಡದದೆ. ಬುಡ ಕೊರೂಕಿಲ್ಲ!"

ಕಿರಣ ಕ್ಯಾಬಿನ್ನಿನ ಬಾಗಿಲು ತೆರೆದು ಗುಟ್ಕಾ ಉಗಿದ. ಅದು ಮಾಬ್ಲನ ಎದೆಯ ಮೇಲೆ ಬಿತ್ತು. "ನಂಗೆ ಕಲಸ್ತ್ಯಾ, ಸೂಳೆಮಗನೆ? ಗ್ರೀಸ್ ಡಬ್ಬಿ ಹಿಡಿ ಹೋಗು."

ಗಲಾಟೆಗೆ ಭಾಸ್ಕರ ಬಂದ. ಮಾಬ್ಲ ಅವನಿಗೂ ಹೇಳಿದ. ಬಿರುಕು, ಶೇಡಿ, ಮೆಟ್ಟಿಲು ಎಲ್ಲ ಹೇಳಿದ. ಭಾಸ್ಕರ ಕೊನೆಯವರೆಗೂ ಕೇಳಿ ಒಂದೇ ಪ್ರಶ್ನೆ ಕೇಳಿದ.

"ಸರ್ಟಿಫಿಕೇಟು ಯಾರ ಹೆಸರಲ್ಲಿ ಅದೆ?"

ಮಾಬ್ಲ ಎದೆಯ ಮೇಲಿನ ಗುಟ್ಕಾ ಒರೆಸಿಕೊಂಡ.

"ಹೇಳಾ, ಯಾರ ಹೆಸರಲ್ಲಿ ಅದೆ?"

"ಸಣ್ಣೊಡ್ಯಾರದು."

"ಮತ್ತೆ ಮುಚ್ಕೊ."

ಮಾಬ್ಲ ಹೆಂಗಸರ ಕಡೆ ತಿರುಗಿ, "ಈಚೆ ಬನ್ನಿ, ಎಲ್ಲಾ ಬಿಟ್ಟು ಈಚೆ ಬನ್ನಿ!" ಎಂದು ಕೂಗಿದ. ಐವರೂ ಹೆಡಗೆ ಇಳಿಸಿ ಈಚೆ ಬಂದರು. ಭಾಸ್ಕರ ಸೊಂಟದ ಮೇಲೆ ಕೈಯಿಟ್ಟ. "ಯಾವ ರಂಡೆ ಹೆಡಗೆ ಕೆಳಗಿಟ್ಟಾಳೆ, ಅವ್ಳು ನಾಳೆಯಿಂದ ಬರೂದು ಬ್ಯಾಡ."

ಮೊದಲು ಹೆಡಗೆ ಎತ್ತಿದವಳು ತಿಮ್ಮಿ ಚಿಕ್ಕಿ. "ಬಿಡಾ ತಮಾ, ಇನ್ನು ನಾಕು ಹೆಡಗೆ. ಬೇಗ ಹೊತ್ತು ಬತ್ತೆ," ಅಂದಳು. ಕಲ್ಪನಾ ಅವಳ ಹಿಂದೆ ಹೊರಟಳು. ಅವಳು ಇನ್ನೂ ಹತ್ತು ಹೆಜ್ಜೆ ಈಚೆಗಿದ್ದಾಗ ಗುಡ್ಡ ಕೂತಿತು.

ಸದ್ದು ಅಷ್ಟೇನೂ ಆಗಲಿಲ್ಲ. ತುಂಬಿದ ಗೋಣಿ ಕೆಳಗೆ ಹಾಕಿದ ಹಾಗೆ. ಮಣ್ಣು ಉರುಳುವುದು ನಿಂತಾಗ ತಿಮ್ಮಿ ಇದ್ದ ಜಾಗದಲ್ಲಿ ಆಳೆತ್ತರದ ಕಲ್ಲುಮಣ್ಣಿನ ರಾಶಿಯಿತ್ತು. ಕಿರಣ ಕ್ಯಾಬಿನ್ನಿನಿಂದ ಹಾರಿ ರಸ್ತೆಯ ಕಡೆ ಓಡಿದ. "ಬಕೆಟ್ ಹಾಕಿ ತೆಗಿರೋ!" ಎಂದು ಭಾಸ್ಕರ ಕಿರುಚಿದ.

"ಬಕೆಟ್ ಹಾಕದ್ರೆ ತುಂಡಾಗ್ತಾಳೆ!" ಎಂದ ಮಾಬ್ಲ. ಕೈಯಲ್ಲಿ, ಗುದ್ದಲಿಯಲ್ಲಿ, ಹೆಡಗೆಯಲ್ಲಿ ತೋಡಿದರು. ಮೊದಲು ಸಿಕ್ಕಿದ್ದು ಕಾಲು. ಕಲ್ಪನಾ ಅದನ್ನು ಹಿಡಿದುಕೊಂಡಳು. ಇನ್ನೂ ಬೆಚ್ಚಗಿತ್ತು. ಉಳಿದದ್ದು ಹೊರಬರುವ ಹೊತ್ತಿಗೆ ಅದೂ ತಣ್ಣಗಾಗಿತ್ತು.

ಮರುದಿನ ಸಂಜೆ ಭಾಸ್ಕರ ಕೇರಿಗೆ ಬಂದ. ಅಲ್ಲಿಯವರೆಗೆ ಅವನ ಪಿಕಪ್ಪು ಕೇರಿಯ ಬಾಯಲ್ಲೇ ನಿಂತು ಹಾರ್ನ್ ಮಾಡುತ್ತಿತ್ತು. ಆವತ್ತು ಅವನು ಇಳಿದು ಮಾಬ್ಲನ ಅಂಗಳಕ್ಕೆ ನಡೆದುಬಂದ.

"ನಾಡಿದ್ದು ತನಿಖೆಗೆ ಬರ್ತಾರೆ. ನೀ ಒಂದು ಮಾತು ಹೇಳ್ಬೇಕು. ಕಿರಣ ಚಾ ಕುಡೂಕೆ ಹೋಗಿದ್ದ, ಕೀ ಮಿಷನ್ನಲ್ಲೇ ಇತ್ತು, ನೀ ಹತ್ತಿದ್ಯಾ. ಕಲೀದೆ ಹತ್ತಿದ್ದು ನನ್ನ ತಪ್ಪು ಅನ್ನು. ಎರಡು ತಿಂಗಳಲ್ಲಿ ಜೈಲಿಂದ ಬಿಡಸ್ಕಂಡು ಬತ್ತೆ."

"ನಾ ಕಲ್ತದೆ, ಒಡ್ಯಾ. ನೀವೇ ಕಳ್ಸಿದ್ರಿ."

"ಕಲ್ತದ್ದು ಕಿರಣ!" ಭಾಸ್ಕರ ಅವನ ಅಂಗಿಯ ಎದೆ ಹಿಡಿದ. "ಆವಾಗ ಕಿರಣ ಆಗು ಅಂದೆ, ಆದ್ಯಾ. ಈಗ ಮಾಬ್ಲ ಆಗು ಅಂತೆ, ಆಗು. ನಿಮ್ಮ ಹೆಂಗಸ್ರು ನಾಳೆ ನನ್ನ ಸೈಟಿಗೇ ಬರ್ಬೇಕು, ನೆನಪಿರ್ಲಿ."

ಅವನು ಹೋದ ಮೇಲೆ ಕಲ್ಪನಾ ಒಳಗಿನಿಂದ ಬಂದಳು. ಅವಳ ಉಗುರಿನ ಸಂದಿನ ಕೆಂಪು ಎರಡು ಸಲ ಮಿಂದರೂ ಹೋಗಿರಲಿಲ್ಲ. "ಎಂತ ಹೇಳ್ತ್ಯಾ?" ಎಂದು ಕೇಳಿದಳು.

"ಗೊತ್ತಿಲ್ಲ."

"ಅಂವ ಹೇಳದ್ದೇ ನೀ ಹೇಳದ್ರೆ, ಅಲ್ಲೇ ನಿಂತು ನಾ ಸುಳ್ಳು ಅಂತೆ. ಗಂಡ ಅಂತ ನೋಡೂದಿಲ್ಲ."

ತನಿಖೆಗೆ ಬಂದವರು ಕಾರ್ಮಿಕ ಇಲಾಖೆಯ ಒಬ್ಬ ಮೇಡಂ, ಒಬ್ಬ ಪೊಲೀಸು. ಸರ್ಟಿಫಿಕೇಟು ಕೊಟ್ಟವರೆಂದು ಶ್ರೀಧರರನ್ನೂ ಕರೆಸಿದ್ದರು. ಶೆಡ್ಡಿನ ಮುಂದೆ ಕುರ್ಚಿ ಹಾಕಿತ್ತು, ಭಾಸ್ಕರನ ಪಕ್ಕ ಕಿರಣನೂ ನಿಂತಿದ್ದ. ಕೇರಿಯವರು ಆಚೆ ನಿಂತಿದ್ದರು. ಕಾರಿನಿಂದ ಇಳಿದ ಶ್ರೀಧರ ನೇರ ಮಾಬ್ಲನ ಹತ್ತಿರ ಬಂದರು.

"ಕಿರಣ್! ನೀವು ಇದ್ದೂ ಹೀಗಾಯ್ತಾ?"

ಭಾಸ್ಕರ ನಗುತ್ತ ಮುಂದೆ ಬಂದ. "ಸರ್, ಕಿರಣ ಇಂವ, ನಮ್ಮ ಅಕ್ಕನ ಮಗ. ಅದು ಹೆಲ್ಪರು. ಮುಖ ಹೋಲ್ತದೆ." ಗೋಡೆಯಿಂದ ಸರ್ಟಿಫಿಕೇಟು ಇಳಿಸಿ ಶ್ರೀಧರರ ಕೈಗೆ ಕೊಟ್ಟ.

ಶ್ರೀಧರ ಫೋಟೋ ನೋಡಿದರು. ಅದರ ಕೆಳಗಿನ ತಮ್ಮ ಸಹಿಯನ್ನು ಇನ್ನೂ ಹೆಚ್ಚು ಹೊತ್ತು ನೋಡಿದರು.

"ಹೌದು," ಎಂದರು ಮೇಡಂ ಕಡೆ ತಿರುಗಿ. "ನಂಗೆ ತಪ್ಪಾಯ್ತು. ಇವರಿಗೆ ನಾನು ಕಲಿಸಿಲ್ಲ."

ಮಾಬ್ಲ ಅವರ ಮುಖವನ್ನೇ ನೋಡಿದ. ಅವರು ನೆಲ ನೋಡುತ್ತಿದ್ದರು.

ಮೇಡಂ ಬರೆದುಕೊಂಡರು. "ನೀನೇ ಮಿಷನ್ ಹತ್ತಿದ್ದು ಅಂತ ಹೇಳ್ತಾ ಇದ್ದಾರೆ. ತರಬೇತಿ ಇಲ್ಲದೆ ಯಾಕೆ ಹತ್ತಿದೆ?"

ಮಾಬ್ಲ ಹಿಟಾಚಿಯ ಕಡೆ ನಡೆದ. ಅದರ ಸುತ್ತ ಒಂದು ಸುತ್ತು ಬಂದ, ಮೆಲ್ಲಗೆ. "ಚೈನು," ಎಂದು ಗಟ್ಟಿಯಾಗಿ ಹೇಳಿ ಚೈನು ಮುಟ್ಟಿದ. "ಪೈಪು. ಪಿನ್ನು. ಎಣ್ಣೆ." ಬಗ್ಗಿ ನೋಡಿ, "ಅಡಿಯಲ್ಲಿ ಜನ ಇಲ್ಲ," ಎಂದ. ಮುಖ ಮಿಷನ್ನಿಗೆ ಮಾಡಿ, ಎರಡು ಕೈ ಒಂದು ಕಾಲು, ಎರಡು ಕಾಲು ಒಂದು ಕೈ ಎಂದು ಕುಮಟೆಯಲ್ಲಿ ಕಲಿತ ಲೆಕ್ಕದಲ್ಲಿ ಹತ್ತಿದ. ಬೆಲ್ಟು ಬಿಗಿದ. ಕೀ ಅಲ್ಲೇ ಇತ್ತು. ಎರಡು ಸಲ ಹಾರ್ನ್ ಒತ್ತಿ ಸ್ಟಾರ್ಟ್ ಮಾಡಿದ.

"ಇಳ್ಸ್ರೋ ಅವ್ನ! ಇಳಿಯಾ, ಹಲ್ಕಟ್ ನಾಯಿ!" ಭಾಸ್ಕರ ಕಲ್ಲೆತ್ತಿ ಬೀಸಿದ. ಕ್ಯಾಬಿನ್ನಿನ ಗಾಜಿನ ಮೇಲೆ ಬಿರುಕೊಂದು ಹರಿಯಿತು.

ಮಾಬ್ಲ ಪಕ್ಕದ ಏರುದಾರಿಯಲ್ಲಿ ಮಿಷನ್ನು ಹತ್ತಿಸಿದ. ನೆತ್ತಿಯ ಬಿರುಕಿನಿಂದ ಸಾಕಷ್ಟು ಹಿಂದೆಯೇ ನಿಲ್ಲಿಸಿ, ಚೈನನ್ನು ಅಂಚಿಗೆ ನೇರ ಮಾಡಿ, ಹಿಂದಕ್ಕೆ ಓಡಲು ದಾರಿ ಖಾಲಿ ಇದೆಯೇ ಎಂದು ತಿರುಗಿ ನೋಡಿ, ಆಮೇಲೆ ತೋಳು ಚಾಚಿದ. ಉಳಿದ ಗುಡ್ಡ ಇನ್ನೂ ತಲೆ ಮುಂದೆ ಹಾಕಿಕೊಂಡೇ ನಿಂತಿತ್ತು. ಮೂರು ದಿನದಿಂದ ಅದನ್ನು ಇಳಿಸಬೇಕೆಂದು ಯಾರಿಗೂ ಅನ್ನಿಸಿರಲಿಲ್ಲ.

ಕೆಳಗೆ ಕಲ್ಪನಾ ಗುದ್ದಲಿ ತೆಗೆದುಕೊಂಡಳು. ಗುಡ್ಡದ ಬುಡದಿಂದ ದೂರದಲ್ಲಿ, ಕೆಸರಿನಲ್ಲಿ ಉದ್ದಕ್ಕೆ ಗೆರೆ ಎಳೆಯುತ್ತ ಹೋದಳು. ಉಳಿದ ಮೂವರು ಹೆಂಗಸರು ಅವಳ ಹಿಂದೆ ಬಂದು ಗೆರೆಯ ಮೇಲೆ ನಿಂತರು. ನುಗ್ಗಿ ಬಂದ ಭಾಸ್ಕರನ ಎದೆಗೆ ಅವಳು ಗುದ್ದಲಿಯ ಕಾವು ಅಡ್ಡ ಹಿಡಿದಳು.

"ಆಚೆ ನಿಲ್ಲಿ, ಒಡ್ಯಾ. ಮಿಷನ್ ಕೆಲ್ಸ ಮಾಡೂವಾಗ ಇದ್ರ ಒಳಗೆ ಯಾರೂ ಬರೂಕಿಲ್ಲ."

"ನಿನ್ನ ಗಂಡ ಜೈಲಿಗೆ ಹೋಗ್ತಾ, ಬೋಳಿ!"

"ಹೋಗ್ಲಿ. ನೀವು ಆಚೆ ನಿಲ್ಲಿ."

ಪೊಲೀಸು ಲಾಠಿ ಹಿಡಿದು ಗೆರೆಯವರೆಗೆ ಬಂದು, ಚಾಚಿದ ಕಲ್ಲಿನ ತಲೆಯನ್ನು ನೋಡಿ, ಅಲ್ಲೇ ನಿಂತು ಸ್ಟೇಶನ್ನಿಗೆ ಫೋನು ಹಚ್ಚಿದ. ಮೇಡಂ ಪೆನ್ನು ಎತ್ತಿ ಹಿಡಿದೇ ಇದ್ದರು. "ಇವನಿಗೆ ಕಲಿಸಿಲ್ಲ ಅಂದ್ರಲ್ಲ?" ಎಂದು ಶ್ರೀಧರರನ್ನು ಕೇಳಿದರು. ಶ್ರೀಧರ ನೆತ್ತಿಯ ಕಡೆಗೇ ನೋಡುತ್ತಿದ್ದರು. ಸರ್ಟಿಫಿಕೇಟಿನ ಗಾಜಿನ ಮೇಲೆ ಅವರ ಬೆವರಿನ ಗುರುತು ಮೂಡಿತ್ತು.

ಮೇಲೆ ಬಕೆಟ್ಟಿನ ಹಲ್ಲು ಬಿರುಕಿನೊಳಗೆ ಇಳಿಯಿತು. ಮಾಬ್ಲ ಲಿವರನ್ನು ಒಂದಿಷ್ಟೇ ಒತ್ತಿದ, ಕಾದ, ಮತ್ತೆ ಒತ್ತಿದ. ಹೆದ್ದಾರಿಯ ಕಡೆಯಿಂದ ಜೀಪಿನ ಸೈರನ್ನು ಹತ್ತಿರ ಬರುತ್ತಿತ್ತು. ಚಿರೇಕಲ್ಲಿನ ಇಡೀ ತಲೆ ಒಮ್ಮೆ ನಡುಗಿ, ಮುಂದಕ್ಕೆ ಬಾಗಿ, ನೆಲ ಅದುರುವಂತೆ ಕೆಳಗೆ ಬಿತ್ತು.

ಅಡಿಯಲ್ಲಿ ಯಾರೂ ಇರಲಿಲ್ಲ.