ಸಪ್ಪಳವಿಲ್ಲದ ಬೂಟು

ನಮ್ಮಪ್ಪ ಲಗಮಪ್ಪನ ಜೀರಕಿ ಕಾಲ್ಮರಿ, ಅಂದರೆ ಸಪ್ಪಳ ಮಾಡುವ ತೊಗಲಿನ ಚಪ್ಪಲಿ, ಓಣಿಯ ಆ ತುದಿಯಿಂದಲೇ ಕಿರ್ರ್ ಅನ್ನುತ್ತಿದ್ದವು. ದಾಂಡೇಲಿಯ ಕಾಗದ ಕಾರ್ಖಾನೆಯಲ್ಲಿ ರಾತ್ರಿ ಪಾಳಿ ಮುಗಿಸಿ ಅವನು ಬೆಳಗ್ಗೆ ಬರುವುದು ಇಡೀ ಚಾಳಿಗೆ ಗೊತ್ತಾಗಬೇಕು. ಅವನು ಹೊಸ್ತಿಲು ದಾಟುವಷ್ಟರಲ್ಲಿ ನನ್ನ ಹೆಂಡತಿ ಯಲ್ಲವ್ವ ಬೀಸುಕಲ್ಲು ಬಿಟ್ಟು, ತಲೆಯ ಮೇಲೆ ಸೆರಗೆಳೆದು, ಮೂಲೆ ಹಿಡಿದು ನಿಂತಿರುತ್ತಿದ್ದಳು. ಮಾವನೆದುರು ಸೊಸೆ ದನಿ ತೆಗೆಯಬಾರದು ಎನ್ನುವುದು ನಮ್ಮವರ ಕಟ್ಟಳೆ. ಯಾವ ಪುಣ್ಯಾತ್ಮ ಮಾಡಿಟ್ಟನೋ!

೧೯೬೨ರಲ್ಲಿ, ಪರದೇಶ ಸುತ್ತಿ ಬಂದಿದ್ದ ಕಾರ್ಖಾನೆಯ ಸಾಹೇಬರು ಬಸಲಿಂಗಯ್ಯನವರು ತಮ್ಮ ಹಳೆಯ ಕ್ಯಾನ್ವಾಸ್ ಬೂಟುಗಳನ್ನು ಅಪ್ಪನಿಗೆ ಕೊಟ್ಟರು.

"ಅಮೇರಿಕಾದಾಗ ಇದಕ್ಕ ಸ್ನೀಕರ್ ಅಂತಾರಂತ," ಎಂದು ಅಪ್ಪ ಊರೆಲ್ಲ ಸಾರಿದ. "ತಳಕ್ಕ ರಬ್ಬರ ಐತಲ್ಲ, ಸಪ್ಪಳನ ಆಗೂದಿಲ್ಲ. ಅದಕ್ಕ ಕಳ್ಳಹೆಜ್ಜಿ ಇಡಾಂವ ಅಂತ ಹೆಸರಿಟ್ಟಾರಂತ!"

ನಾವೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕೆವು.

ಕೆಲವು ದಿನಗಳ ಮೇಲೆ ಅಪ್ಪ ನನ್ನನ್ನು ಪಕ್ಕಕ್ಕೆ ಕರೆದ. "ನಿನ್ನ ಹೇಣ್ತಿ ಎಷ್ಟ ಛಂದ ಹಾಡ್ತಾಳೋ! ಒಂದ ಮನ್ಯಾಗ ಇದ್ದೂ ನನಗ ಗೊತ್ತಿರಲಿಲ್ಲ." ಅವಳು ಬೀಸುತ್ತ ಹಾಡುವುದನ್ನು ದಿನಾ ಬೆಳಗ್ಗೆ ಬಾಗಿಲ ಹೊರಗೆ ನಿಂತು ಕೇಳುತ್ತಿದ್ದನಂತೆ. ಕೇಳುವಾಗ ಅವನ ಕಣ್ಣು ತುಂಬುತ್ತಿದ್ದವಂತೆ. ಪಾಳುಬಿದ್ದ ತವರು, ತೀರಿಹೋದ ಅಣ್ಣ, ನಮ್ಮ ಮನೆಯ ಬಿಗಿ, ಇವನ್ನೆಲ್ಲ ಅವಳು ಪದ ಕಟ್ಟಿ ಕಲ್ಲಿಗೆ ಹೇಳಿಕೊಳ್ಳುತ್ತಿದ್ದಳು. ನನಗೂ ಅಷ್ಟು ಹೇಳಿದವಳಲ್ಲ.

ಒಂದು ಬೆಳಗ್ಗೆ ಪಕ್ಕದ ಮನೆಯ ಗೋದುಬಾಯಿ ನೀರಿಗೆ ಹೊರಟವಳು ಅಪ್ಪನನ್ನು ನೋಡಿ, "ಯಾಕ್ರಿ ಲಗಮಪ್ಪ, ಕಳ್ಳರಂಗ ಬಾಗಲಾಗ ನಿಂತೀರಿ?" ಎಂದು ಕೂಗಿದಳು.

ಒಳಗೆ ಹಾಡು ನಿಂತಿತು. ಯಲ್ಲವ್ವ ಬಾಗಿಲು ತೆರೆದಳು, ಮಾವನ ಒದ್ದೆ ಕಣ್ಣನ್ನೂ ಕಾಲಲ್ಲಿದ್ದ ಬೂಟನ್ನೂ ನೋಡಿದಳು. ಎಷ್ಟು ದಿನದಿಂದ ನಡೆದಿದೆ ಎಂದು ಅವಳಿಗೆ ಯಾರೂ ಹೇಳಬೇಕಾಗಲಿಲ್ಲ. ಸೆರಗು ಮುಖದ ತನಕ ಇಳಿಯಿತು.

ಮರುದಿನದಿಂದ ಕಲ್ಲಿನ ಸಪ್ಪಳ ಮಾತ್ರ. ಅಪ್ಪ ಬೂಟನ್ನು ಯಾರಿಗೋ ಕೊಟ್ಟು ಮತ್ತೆ ಕಾಲ್ಮರಿ ಮೆಟ್ಟಿದ. ಬೇಕೆಂದೇ ನೆಲಕ್ಕೆ ಒತ್ತಿ ನಡೆದ, ದೂರದಿಂದಲೇ ಕೆಮ್ಮಿದ. ಉಪಯೋಗವಾಗಲಿಲ್ಲ. ಪಾಪ, ಅವನ ಮುಖ ನೋಡಲಾಗುತ್ತಿರಲಿಲ್ಲ.

ಕೊನೆಗೆ ಒಂದು ದಿನ ಕಟ್ಟಳೆ ಗಿಟ್ಟಳೆ ಬದಿಗಿಟ್ಟು, ಬಾಗಿಲಾಚೆ ಕುಳಿತು, ಅವಳನ್ನೇ ಕೇಳಿದ. "ಯವ್ವಾ, ತಪ್ಪಾತು. ಒಂದ ಪದಾ ಹಾಡವಾ. ನಾ ಇಲ್ಲೇ ಹೊರಗ ಕುಂತಿರ್ತೇನಿ."

ಬೀಸುವ ಕೈ ನಿಂತಿತು.

"ನನಗ ಹಾಡಾಕ ಬರೂದಿಲ್ರಿ, ಮಾವಾರ."

ಅಪ್ಪ ಎದ್ದು ಕಾಲ್ಮರಿ ಮೆಟ್ಟಿದ. "ಹೌದನವಾ?" ಎಂದ. "ಹಂಗಾರ ನಾನ ಬ್ಯಾರೆ ಯಾರದೋ ದನಿ ಕೇಳಿರಬೇಕು, ಬಿಡು."