ಕೊಡದೆ ಇಟ್ಟುಕೊಂಡ ಗೇರುಕಡ್ಡಿ

ಸುಂದರಿ ಗೇರುಹಣ್ಣಿನಿಂದ ಬೀಜವನ್ನು ತಿರುಪಿ ತಿರುಪಿ ಬಕೇಟಿಗೆ ಹಾಕುತ್ತಿದ್ದಳು. ಸೀರೆಯ ಮೇಲೆ ಗಂಡನ ಹಳೆಯ ಅಂಗಿ, ತಲೆಗೆ ಸುತ್ತಿದ ಬೈರಾಸು, ಅಂಗೈಗೆ ತೆಂಗಿನೆಣ್ಣೆ. ಬೀಜದ ಸೊನೆ ಹತ್ತಿದರೆ ಕೈಯ ಚರ್ಮ ಏಳುತ್ತದೆ, ಹಣ್ಣಿನ ರಸ ತಾಗಿದರೆ ಕಲೆ ಯಾವ ಸೋಪಿಗೂ ಜಗ್ಗುವುದಿಲ್ಲ. ಅದಕ್ಕೇ ಈ ವೇಷ. ಬೇರೆ ವರ್ಷಗಳಲ್ಲಾದರೆ ಏಪ್ರಿಲಿನ ಈ ಹೊತ್ತಿಗೆ, ಅವಳು ಗೊಂಚಲು ಮರ ಎಂದು ಕರೆಯುವ ಈ ಗೇರಿನ ಅಡಿಯಲ್ಲಿ ಕಾಲಿಡಲು ಜಾಗ ಸಿಗುತ್ತಿರಲಿಲ್ಲ. ಈ ಸಲ ಸೊಂಟ ಬಗ್ಗಿಸಿ ಮರಕ್ಕೊಂದು ಸುತ್ತು ಬಂದರೂ ಬಕೇಟಿನ ತಳವೇ ಕಾಣುತ್ತಿತ್ತು.

"ಎಂತ ಸುಂದರಿ, ಬೀಜ ಹೆಕ್ಕುದಾ, ಬಿದ್ದುಹೋದ ಮೂಗುತಿ ಹುಡುಕುದಾ?" ಗಂಡ ಪ್ರೇಮನಾಥ ಮುರಕಲ್ಲಿನ ಮೇಲೆ ಕೂತಲ್ಲಿಂದಲೇ ಕೇಳಿದ.

"ನೀವು ಸುಮ್ಮನಿರಿ. ಈ ವರ್ಷ ಸೆಕೆ ಜಾಸ್ತಿ. ಮರಕ್ಕೂ ಆಗುದಿಲ್ಲ, ಅಷ್ಟೇ."

ಸವಣೂರು ಪೇಟೆಯಿಂದ ಒಳದಾರಿಯಲ್ಲಿ ಬಂದರೆ ಸಿಗುವ ಗುಡ್ಡೆ ಅದು. ಗದ್ದೆಯಿಲ್ಲ, ನೀರಿಲ್ಲ, ಕೆಂಪು ಮುರಕಲ್ಲು ಮಾತ್ರ. ಆ ನೆಲದಲ್ಲಿ ಮುನಿಸಿಲ್ಲದೆ ಬೆಳೆಯುವುದು ಗೇರೊಂದೇ. ಬೇಸಿಗೆಯಲ್ಲಿ ಮಾರಿದ ಬೀಜದಿಂದಲೇ ಮಳೆಗಾಲದ ಅಕ್ಕಿ, ಶಾಲೆ ಶುರುವಾಗುವಾಗಿನ ಪುಸ್ತಕ, ದನದ ಹಟ್ಟಿಯ ಮೇಲಿನ ಟಾರ್ಪಾಲು. ಸುಂದರಿಯ ಮನೆಯ ಹಿಂದಿನ ಗೇರುಮರಗಳಲ್ಲಿ ಗೊಂಚಲು ಮರದ ಲೆಕ್ಕವೇ ಬೇರೆ. ಅದರ ಬೀಜ ದೊಡ್ಡದು. ಒಂದೊಂದು ಗೊಂಚಲಿನಲ್ಲೂ ಕಟ್ಟಿದ ಕಾಯಿಗಳೆಲ್ಲ ಉದುರದೆ ಹಣ್ಣಾಗುತ್ತಿದ್ದವು. ಹೂ ಬಿಡುವ ಹೊತ್ತಿನಲ್ಲಿ ಮೋಡ ಕವಿದು, ಊರಿನ ಮರಗಳ ಹೂವೆಲ್ಲ ಕರಟಿ ಕಪ್ಪಾದ ವರ್ಷವೂ ಈ ಮರ ತನಗೇನೂ ಗೊತ್ತಿಲ್ಲದ ಹಾಗೆ ಕಾಯಿ ಕಟ್ಟುತ್ತಿತ್ತು.

ಅಂಥ ಮರದ ಎಲೆಗಳೀಗ ಹಳದಿಯಾಗಿದ್ದವು. ಪಾತ್ರೆ ತೊಳೆದ ನೀರನ್ನು ದಿನವೂ ಅದರ ಬುಡಕ್ಕೇ ಚೆಲ್ಲುತ್ತಿದ್ದಳು ಸುಂದರಿ. ಎಲೆ ಉದುರುವುದು ನಿಂತಿರಲಿಲ್ಲ.

ಅಷ್ಟರಲ್ಲಿ ಹಸ್ನಾ ಗುಡ್ಡೆ ಹತ್ತಿ ಬಂದಳು. ಕೆಳಗಿನ ಮನೆಯವಳು, ಸುಂದರಿಯ ಸ್ವಸಹಾಯ ಸಂಘದಲ್ಲೇ ಇರುವವಳು. ಮೊದಲು ಬೀಡಿ ಕಟ್ಟುತ್ತಿದ್ದಳು. ಪುತ್ತೂರಿನ ಗೇರು ಸಂಶೋಧನಾ ಕೇಂದ್ರದವರು ಹೆಂಗಸರಿಗೆಂದು ಕಸಿ ಕಟ್ಟುವ ತರಬೇತಿ ಕೊಟ್ಟಾಗ ಹೋಗಿ ಕಲಿತಳು. ಈಗ ಅವೇ ಬೆರಳುಗಳಲ್ಲಿ ಗೇರಿನ ಕಸಿ ಕಟ್ಟಿ, ಅಂಗಳದಲ್ಲಿ ಸಾಲಾಗಿ ಪ್ಲಾಸ್ಟಿಕ್ ತೊಟ್ಟೆಗಳಲ್ಲಿ ಗಿಡ ಮಾಡಿ, ಮಳೆ ಹಿಡಿದ ಕೂಡಲೇ ಸವಣೂರಿನಲ್ಲಿ ಮಾರುತ್ತಾಳೆ. ಬೀಡಿಯ ಹೊಗೆಸೊಪ್ಪಿನ ಕೆಮ್ಮೂ ಬಿಟ್ಟುಹೋಗಿದೆ.

"ಸುಂದರಿಯಕ್ಕಾ, ಸಂಜೆಗೆ ಸಂಘದ ಮೀಟಿಂಗ್ ಉಂಟು. ಹೋದ ವಾರದ ಹಾಗೆ ಕೋಳಿ ತಪ್ಪಿಸಿಕೊಂಡಿತು ಅಂತ ಹೇಳ್ಬೇಡಿ!"

"ಕೋಳಿ ತಪ್ಪಿಸಿಕೊಂಡದ್ದು ಸತ್ಯ ಮಾರಾಯ್ತಿ."

ನಗುತ್ತಿದ್ದ ಹಸ್ನಾ ಎರಡು ಹೆಜ್ಜೆ ಮುಂದೆ ಬಂದಳು. ಅವಳ ಕಣ್ಣು ಮರದ ಬುಡದಲ್ಲಿತ್ತು. ಅಲ್ಲಿ ಮರದ ಕೆಂಪು ಹುಡಿ ಗುಪ್ಪೆಯಾಗಿ ಬಿದ್ದಿತ್ತು. ತೊಗಟೆಯ ಬಿರುಕಿನಿಂದ ಬೆಲ್ಲದ ಪಾಕದಂಥ ಅಂಟು ಇಳಿದು ಗಟ್ಟಿಯಾಗಿತ್ತು.

"ಈ ಹುಡಿ ಎಂತದಕ್ಕಾ?"

"ಇರುವೆ ಇರ್ಬೇಕು."

"ಇರುವೆಗೆ ಇಷ್ಟು ದೊಡ್ಡ ಹಲ್ಲುಂಟಾ? ಆ ಕತ್ತಿ ಕೊಡಿ ಇಲ್ಲಿ."

ಕತ್ತಿಯ ತುದಿಯಿಂದ ಹಸ್ನಾ ತೊಗಟೆಯನ್ನು ಎಬ್ಬಿಸಿದಳು. ಹಪ್ಪಳದ ಹಾಗೆ ಎದ್ದು ಬಂತು. ಒಳಗೆಲ್ಲ ಅಡ್ಡಾದಿಡ್ಡಿ ಸುರಂಗ. ಹುಡಿಯ ನಡುವೆ, ಹೆಬ್ಬೆರಳಿನಷ್ಟು ದಪ್ಪದ ಬಿಳಿ ಹುಳವೊಂದು ಮೈ ಮುದುಡಿಕೊಂಡಿತು.

"ಅಬ್ಬಾ, ನಮ್ಮ ಮರ ತಿಂದು ನಮಗಿಂತ ಚೆಂದ ಆಗಿದೆ ಇದು," ಎಂದ ಪ್ರೇಮನಾಥ. ಅವನೂ ಎದ್ದು ಬಂದು ಬಗ್ಗಿ ನೋಡಿದ.

ಹಸ್ನಾ ಸುತ್ತಲೂ ಕೆತ್ತಿ ನೋಡಿದಳು. "ಕಾಂಡ, ಬೇರು ಕೊರೆಯುವ ಹುಳ ಅಕ್ಕಾ. ತೊಗಟೆಯ ಒಳಗೆ ತಿನ್ತಾ ಮರಕ್ಕೆ ಸುತ್ತು ಬರ್ತದೆ. ಹುಡಿ ಕಾಣುವಾಗಲೇ ಹುಳ ತೆಗೆದಿದ್ರೆ ಮರ ಉಳೀತಿತ್ತು. ಇಲ್ಲಿ ಮುಕ್ಕಾಲು ಸುತ್ತು ಹೋಗಿದೆ."

"ಎಂತಾದ್ರೂ ಮದ್ದು ಹಾಕುವ. ನೀನು ಹೇಳಿದ್ದನ್ನು ತರಿಸ್ತೇನೆ."

"ನಿಮಗೆ ಸುಳ್ಳು ಹೇಳಿ ನಾನು ಎಂತ ಮಾಡ್ಲಿ? ಅರ್ಧಕ್ಕಿಂತ ಹೆಚ್ಚು ಹೋದ ಮರ ನಿಲ್ಲುದು ಕಷ್ಟ."

ಸುಂದರಿ ಬಕೇಟನ್ನು ಕೆಳಗಿಟ್ಟಳು.

ಮರದ ಪಕ್ಕದಲ್ಲಿ ಒಣ ತೊಗಟೆಯ ಚೂರುಗಳು ಬಿದ್ದಿದ್ದವು. ಹಸ್ನಾ ಒಂದನ್ನು ಎತ್ತಿಕೊಂಡಳು. "ಇಲ್ಲಿ ಎಂತ ಒರಗಿಸಿ ಇಟ್ಟದ್ದು?"

"ಸೌದೆ. ಹೋದ ವರ್ಷ ಪಕ್ಕದ ಮನೆಯ ಚೆನ್ನಕೇಶವನ ಗುಡ್ಡೆಯಿಂದ ತಂದದ್ದು. ಕೊಟ್ಟಿಗೆಯಲ್ಲಿ ಜಾಗ ಇರ್ಲಿಲ್ಲ. ಮಳೆ ಬರುವವರೆಗೆ ಒಣಗಲಿ ಅಂತ ಮರಕ್ಕೆ ಒರಗಿಸಿದ್ದು."

ಈ ಕಡೆ ಮಳೆಗಾಲಕ್ಕೆ ಮೊದಲು ಸೌದೆ ಕೂಡಿಡದ ಮನೆಯಿಲ್ಲ. ದಪ್ಪ ಕಾಂಡಗಳನ್ನು ಒಡೆಯುವ ತನಕ ಯಾವುದಾದರೊಂದು ಮರಕ್ಕೆ ಒರಗಿಸುವುದು ಎಲ್ಲರ ರೂಢಿ. ಸುಂದರಿಯ ಅತ್ತೆಯೂ ಹಾಗೇ ಮಾಡುತ್ತಿದ್ದರು.

"ಚೆನ್ನಕೇಶವಣ್ಣನ ಗೇರುಮರಗಳು ಹಾಗೇ ಒಣಗಿದ್ದಾ, ಹುಳ ಬಿದ್ದು ಒಣಗಿದ್ದಾ?"

"ಅದನ್ನು ಯಾರು ನೋಡಿದ್ದು? ಒಣಗಿದ ಮರ, ಕಡಿದ, ಮಾರಿದ."

"ಮರ ಸತ್ತರೂ ಒಳಗಿನ ಹುಳ ಸಾಯುದಿಲ್ಲ ಅಕ್ಕಾ. ಸೌದೆಯ ಒಳಗೇ ಕೂತು, ಬೇಸಿಗೆಯಲ್ಲಿ ದುಂಬಿಯಾಗಿ ಹೊರಗೆ ಬರ್ತದೆ. ಬಂದು ಹತ್ತಿರದ ಗೇರುಮರದ ಬುಡ ಹುಡುಕಿ ಮೊಟ್ಟೆ ಇಡ್ತದೆ. ನೀವು ಅದಕ್ಕೆ ಹುಡುಕುವ ಕಷ್ಟವನ್ನೂ ಕೊಡ್ಲಿಲ್ಲ."

"ಸೌದೆಯಲ್ಲಿ ಜೀವ ಇರ್ತದೆ ಅಂತ ಯಾರಿಗೆ ಗೊತ್ತು ಹಸ್ನಾ?"

"ನನಗೂ ಗೊತ್ತಿರ್ಲಿಲ್ಲ. ತರಬೇತಿಯಲ್ಲಿ ಒಂದು ಕಾಂಡ ಸೀಳಿ ತೋರಿಸಿದ್ರು. ಆಮೇಲೆ ನಾನು ಗೇರಿನ ಸೌದೆಯನ್ನು ತಂದ ವಾರವೇ ಒಡೆದು ಉರಿಸುದು."

ಬಟ್ಟೆ ಒಗೆದು ಬಂದ ಸೊಸೆ ಸುಪ್ರಿತಾ ಎಲ್ಲವನ್ನೂ ಕೇಳಿಸಿಕೊಂಡು ನಿಂತಿದ್ದಳು. ಮೆಲ್ಲಗೆ ಹೇಳಿದಳು: "ಅತ್ತೆ, ಗೇರು ಸಂಶೋಧನೆಯವರು ಇಲ್ಲಿಗೂ ಬಂದಿದ್ರಲ್ಲ."

ಬಂದಿದ್ದರು. ಕೆಲವು ವರ್ಷಗಳ ಹಿಂದೆ, ಗಾನಶ್ರೀ ಎಂಬ ಹುಡುಗಿ, ಕಲಿತು ಅಲ್ಲಿ ಕೆಲಸಕ್ಕೆ ಸೇರಿದವಳು, ಇದೇ ಮರದ ಅಡಿಯಲ್ಲಿ ನಿಂತಿದ್ದಳು. ಬೀಜ ತೂಗಿದಳು, ಗೊಂಚಲು ನೋಡಿದಳು, ಮೋಡದ ವರ್ಷ ಹೂ ಹೇಗಿರುತ್ತದೆ ಎಂದು ಕೇಳಿ ಬರೆದುಕೊಂಡಳು. "ಅಮ್ಮಾ, ಇದರ ಕಡ್ಡಿ ಕೊಟ್ರೆ ನಾವು ಕಸಿ ಕಟ್ಟಿ ಬೆಳೆಸಿ ನೋಡ್ತೇವೆ. ಒಳ್ಳೇದು ಅಂತಾದ್ರೆ ಎಷ್ಟೋ ಮನೆಗಳಿಗೆ ಕೊಡಬಹುದು," ಎಂದಿದ್ದಳು. ಸುಂದರಿ ಅವಳಿಗೆ ಗೇರುಹಣ್ಣಿನ ಶರಬತ್ತು ಕೊಟ್ಟಳು. ಕಡ್ಡಿ ಮಾತ್ರ ಕೊಡಲಿಲ್ಲ. "ನೋಡುವ" ಎಂದಳು.

ಆಮೇಲೆ ಅವರ ಕಡೆಯಿಂದ ಅಂಚೆಯಲ್ಲಿ ಕಾಗದವೂ ಬಂತು, ದಯವಿಟ್ಟು ಒಪ್ಪಿಗೆ ತಿಳಿಸಿ ಎಂದು. ಬೀಜದ ಕೆಲಸ ಮುಗಿಯಲಿ ಎಂದಳು ಸುಂದರಿ. ಬಳಿಕ ಮಳೆ ಹಿಡಿಯಲಿ ಎಂದಳು. ಕೃಷ್ಣಾಷ್ಟಮಿ ಕಳೆಯಲಿ ಎಂದಳು. ಅಷ್ಟು ಹೊತ್ತಿಗೆ ಅವರೂ ಕೇಳುವುದನ್ನು ಬಿಟ್ಟಿದ್ದರು.

ಸವಣೂರಿನಲ್ಲಿ ಬೀಜ ಕೊಳ್ಳುವ ಮೊಯ್ದಿನಬ್ಬ ಅವಳ ಚೀಲ ಬಿಚ್ಚಿದ ಕೂಡಲೇ ಒಂದು ಬೀಜ ಎತ್ತಿ, "ಇದಾ, ಇದು ಸುಂದರಿಯಕ್ಕನ ಬೀಜ!" ಎಂದು ಅಂಗಡಿಯಲ್ಲಿದ್ದವರಿಗೆಲ್ಲ ತೋರಿಸುತ್ತಿದ್ದ. ಕಡ್ಡಿ ಊರಿಗೆಲ್ಲ ಹೋದರೆ ಆ ಮಾತೂ ಊರಿಗೆಲ್ಲ ಹಂಚಿಹೋಗುತ್ತದಲ್ಲ? ಗಂಡನಿಗೂ ಹೇಳದ ಕಾರಣ ಅದು.

ಚೆನ್ನಕೇಶವನೂ ಒಮ್ಮೆ ಕೇಳಿದ್ದ. "ಅಕ್ಕಾ, ಒಂದೆರಡು ಕಡ್ಡಿ ಕೊಡಿ. ನನ್ನ ಮರದ ಹೂವೆಲ್ಲ ಮೋಡಕ್ಕೆ ಸುಟ್ಟು ಹೋಗ್ತದೆ." ಅವನಿಗೆ ಒಂದು ಹಿಡಿ ಬೀಜ ಕೊಟ್ಟು, ಇದನ್ನೇ ಹಾಕು, ಇದೇ ಮರ ಬರ್ತದೆ ಎಂದಿದ್ದಳು. ಬೀಜ ಹಾಕಿದರೆ ತಾಯಿಮರದ ಗುಣ ಬರುತ್ತದೆಂಬ ಭರವಸೆಯಿಲ್ಲ, ಕಡ್ಡಿಯಿಂದ ಕಸಿ ಕಟ್ಟಿದರೇ ಬರುವುದು ಎಂದು ಹಸ್ನಾ ಸಂಘದಲ್ಲಿ ಎಷ್ಟೋ ಸಲ ಹೇಳಿದ್ದಳು. ಸುಂದರಿ ಅದನ್ನು ಕೇಳಿದ್ದಳು, ಕೇಳಿಯೂ ಬೀಜವನ್ನೇ ಕೊಟ್ಟಿದ್ದಳು.

ಮೋಡದ ವರ್ಷಗಳು ಒಂದರ ಹಿಂದೆ ಒಂದು ಬಂದವು. ಏನೂ ಸಿಗದ ಮರಗಳ ಬುಡಕ್ಕೆ ಚೆನ್ನಕೇಶವ ಹೋಗುವುದನ್ನೇ ಬಿಟ್ಟ. ಮರಗಳು ಒಣಗಿದವು. ಕಡಿದು ಸೌದೆಗೆ ಮಾರಿ, ಗುಂಡ್ಯದ ಹೋಟೆಲಿಗೆ ಕೆಲಸಕ್ಕೆ ಸೇರಿದ. ಘಾಟಿ ಹತ್ತುವ ಬಸ್ಸಿನವರಿಗೆ ಚಹಾ ಕೊಡುತ್ತಾನೆ. ರಜೆ ಸಿಕ್ಕಾಗ ಮನೆಗೆ ಬರುತ್ತಾನೆ. ಅವನ ಮಗಳು ಮೋಕ್ಷಿತಾ ಕಾಲೇಜು ಬಿಟ್ಟು ಬೀಜದ ಫ್ಯಾಕ್ಟರಿಗೆ ಹೋಗುತ್ತಾಳೆ. ಬೇರೆ ಯಾರದೋ ಗುಡ್ಡೆಯ ಬೀಜದ ಸಿಪ್ಪೆ ಸುಲಿಯುತ್ತಾಳೆ.

ಗೊಂಚಲು ಮರಕ್ಕೆ ಸುಂದರಿ ಒರಗಿಸಿದ್ದು ಅದೇ ಸೌದೆಯನ್ನು. ಸುಂದರಿ ಮರದ ಬುಡದಲ್ಲಿ ಕೂತುಬಿಟ್ಟಳು.

"ಬಿಡು ಮಾರಾಯ್ತಿ," ಎಂದ ಪ್ರೇಮನಾಥ, ಈಗ ತಮಾಷೆಯಿಲ್ಲದೆ. "ಮರ ಅಲ್ವಾ. ಇನ್ನೊಂದು ನೆಡುವ."

"ಯಾವುದನ್ನು ನೆಡುದು? ಇದೇ ಇನ್ನೊಂದು ಎಲ್ಲುಂಟು?"

ಹಸ್ನಾ ಕೊಂಬೆಗಳನ್ನು ನೋಡುತ್ತಿದ್ದಳು. ಹುಳ ಮುಟ್ಟದ ತೊಗಟೆಯ ಪಟ್ಟಿಯ ಮೇಲುಗಡೆ, ಹಟ್ಟಿಯತ್ತ ಚಾಚಿದ ಒಂದು ಕೊಂಬೆ ಇನ್ನೂ ಹಸಿರಾಗಿತ್ತು.

"ಇದರಲ್ಲಿ ಕಡ್ಡಿ ಸಿಗಬಹುದು. ನಾನು ಕಟ್ಟಿ ನೋಡ್ತೇನೆ. ಆದ್ರೆ ಸೋತ ಮರದ ಕಡ್ಡಿ, ಹತ್ತು ಕಟ್ಟಿದ್ರೆ ಎಷ್ಟು ಹಿಡೀತದೋ. ನನ್ನ ಅಂಗಳದ ತೊಟ್ಟೆಯನ್ನು ನಂಬಿ ಕೂರುದು ಬೇಡ. ಅವರಿಗೂ ತಿಳಿಸಿ."

"ಅವರಿಗೆ ಎಂತಕ್ಕೆ? ನೀನೇ ಕಟ್ಟಿ ಎಲ್ಲರಿಗೂ ಕೊಡು," ಎಂದ ಪ್ರೇಮನಾಥ.

"ಪ್ರೇಮಣ್ಣಾ, ಈ ಮರ ಒಳ್ಳೇದು ಅಂತ ನಾವು ಹೇಳುದು. ಇದು ಸುಳ್ಯದ ಗುಡ್ಡೆಯಲ್ಲೂ ಹೀಗೇ ಬೆಳೀತದಾ, ಮೋಡಕ್ಕೆ ನಿಜವಾಗಿ ತಡೀತದಾ, ವರ್ಷ ವರ್ಷ ಕೊಡ್ತದಾ ಅಂತ ಬೇರೆ ಮರಗಳ ಜೊತೆ ಇಟ್ಟು ನೋಡುದು ಅವರ ಕೆಲಸ. ಹಾಗೆ ನೋಡದೆ ಬಡವರ ಕೈಗೆ ಗಿಡ ಕೊಟ್ಟು, ಕೆಲವು ವರ್ಷ ಕಾದ ಮೇಲೆ ಫಲ ಬಾರದಿದ್ರೆ? ಆ ವರ್ಷಗಳನ್ನು ನಾನು ವಾಪಸ್ ಕೊಡ್ಲಿಕ್ಕಾಗ್ತದಾ? ಈಗ ನಾನು ಮಾರುವ ಕಸಿಯೂ ಮೊದಲು ಯಾರದೋ ಗುಡ್ಡೆಯ ಮರವೇ. ಅವರು ಕಡ್ಡಿ ಕೊಟ್ಟದ್ದಕ್ಕೆ ನನ್ನ ಮನೆಯಲ್ಲಿ ಒಲೆ ಉರಿಯುದು."

"ಈಗ ಯಾವ ಮುಖದಲ್ಲಿ ಹೇಳುದು ಹಸ್ನಾ? ಅವರು ನಗ್ತಾರೆ," ಎಂದಳು ಸುಂದರಿ.

"ನಗಲಿ ಅಕ್ಕಾ. ನಗ್ತಾ ಬರಲಿ."

ಸುಪ್ರಿತಾ ಫೋನ್ ಮಾಡಿದಳು. ಗಾನಶ್ರೀಗೆ ವರ್ಗವಾಗಿತ್ತು. ಬೇರೆಯವರು ಮಾತಾಡಿದರು; ನಗಲಿಲ್ಲ, ಬೈಯಲೂ ಇಲ್ಲ. ಬರುತ್ತೇವೆ, ಮರದವರ ಒಪ್ಪಿಗೆ ಬರವಣಿಗೆಯಲ್ಲಿ ಬೇಕು ಎಂದರು.

"ಬರೆದು ಫೋಟೋ ತೆಗೆದು ಕಳಿಸಿದ್ರೂ ಆಗ್ತದಂತೆ ಅತ್ತೆ."

"ಫೋಟೋ ನೀನು ಕಳಿಸು. ಕಾಗದ ನಾನು ಅಂಚೆಗೆ ಹಾಕ್ತೇನೆ. ಅವರು ಅಂಚೆಯಲ್ಲಿ ಕೇಳಿದ್ದು."

ಆ ಮಧ್ಯಾಹ್ನ ಮನೆಯವರು ಗುಡ್ಡೆಯ ಮರಗಳ ಬುಡವನ್ನೆಲ್ಲ ಕೆದಕಿ ನೋಡಿದರು. ಇನ್ನೂ ಒಂದು ಮರದಲ್ಲಿ ಹುಡಿ ಆಗಷ್ಟೇ ಶುರುವಾಗಿತ್ತು. ಹಸ್ನಾ ತೋರಿಸಿದಂತೆ ಪ್ರೇಮನಾಥ ಹಸಿ ತೊಗಟೆಗೆ ಗಾಯವಾಗದ ಹಾಗೆ ಸುರಂಗವನ್ನು ಬಿಡಿಸಿ ಹುಳ ಹೆಕ್ಕಿ ಕೊಂದ. ಸುಪ್ರಿತಾ ಬುಡಕ್ಕೆ ಬೇವಿನೆಣ್ಣೆಯ ಲೇಪ ಬಳಿದಳು. ಒಡೆಯದೆ ಉಳಿದಿದ್ದ ಗೇರಿನ ಸೌದೆಯನ್ನೆಲ್ಲ ಅಂದೇ ಸೀಳಿ ಅಡುಗೆಯ ಒಲೆಗೆ, ಬಚ್ಚಲಿನ ಒಲೆಗೆ ಹಾಕಿದರು. ಸುಂದರಿ ಜಗಲಿಯಲ್ಲಿ ಕೂತು ಬರೆದಳು.

"ಮಾನ್ಯರೇ, ನೀವು ನಮ್ಮ ಗೇರುಮರದ ಕಡ್ಡಿ ಕೇಳಿದ್ದಿರಿ. ನಾನು ಉತ್ತರ ಬರೆಯಲಿಲ್ಲ. ಕೆಲಸ ಇತ್ತು ಎಂದು ಬರೆಯಬಹುದು, ಆದರೆ ಅದು ಸರಿಯಲ್ಲ. ಕೊಡಲು ಮನಸ್ಸಿರಲಿಲ್ಲ. ಈಗ ಮರಕ್ಕೆ ಹುಳ ಬಿದ್ದಿದೆ. ಒಂದು ಕೊಂಬೆ ಮಾತ್ರ ಹಸಿರು ಉಂಟು. ಬೇಕಾದಷ್ಟು ತೆಗೆದುಕೊಂಡು ಹೋಗಿ, ನನ್ನ ಒಪ್ಪಿಗೆ ಇದೆ. ಗಿಡ ಆದರೆ ಮೊದಲು ಇಲ್ಲಿಯ ಚೆನ್ನಕೇಶವನ ಮನೆಗೆ ಕೊಡಿ. ನಮಗೆ ಆಮೇಲೆ ಸಾಕು. ಬೇಗ ಬನ್ನಿ."

ಇದನ್ನು ಓದುವ, ಓದಿಸಿ ಕೇಳುವ ಅಕ್ಕಂದಿರೇ, ಅಣ್ಣಂದಿರೇ, ನಾಳೆ ಗುಡ್ಡೆಗೆ ಹೋದಾಗ ಬೀಜ ಹೆಕ್ಕುವ ಮೊದಲು ಮರದ ಬುಡ ನೋಡಿ. ಹುಡಿ ಕಂಡರೆ, ಅಂಟು ಕಂಡರೆ, ನಾಳೆಗೆ ಬಿಡಬೇಡಿ. ಏನು ಬಳಿಯಬೇಕು, ಎಷ್ಟು ಬಳಿಯಬೇಕು ಎಂದು ತಿಳಿದವರನ್ನು ಕೇಳಿ. ಸತ್ತ ಗೇರುಮರವನ್ನು ಗುಡ್ಡೆಯಲ್ಲಿ ನಿಲ್ಲಿಸಬೇಡಿ, ಅದರ ಸೌದೆಯನ್ನು ಬದುಕಿರುವ ಮರಕ್ಕೆ ಒರಗಿಸಬೇಡಿ. ಸಂಶೋಧನೆಯವರು ನಿಮ್ಮ ಅಂಗಳಕ್ಕೆ ಬಂದರೆ ಶರಬತ್ತು ಕೊಡದಿದ್ದರೂ ಆದೀತು, ಕಡ್ಡಿ ಕೊಡಿ. ಅವರ ವಿದ್ಯೆಗೆ ಬೇಕಾದ ಮರ ನಮ್ಮ ಗುಡ್ಡೆಯಲ್ಲಿದೆ; ನಮ್ಮ ಬಡತನಕ್ಕೆ ಬೇಕಾದ ತಿಳಿವಳಿಕೆ ಅವರಲ್ಲಿದೆ. ನಾವು ಬಾಗಿಲು ಹಾಕಿಕೊಂಡರೆ ಎರಡೂ ಒಣಗುತ್ತವೆ, ಅದರ ಜೊತೆಗೆ ಪಕ್ಕದ ಮನೆಯ ಹುಡುಗಿಯೊಬ್ಬಳ ಓದೂ ನಿಲ್ಲುತ್ತದೆ.

ಮರುದಿನ ಬೆಳಿಗ್ಗೆ ಸುಂದರಿ ಸವಣೂರಿನ ಅಂಚೆ ಕಚೇರಿಯಲ್ಲಿ ಲಕೋಟೆ ಮುಂದಿಟ್ಟಳು.

"ಸಾದಾ ಸಾಕಾ ಅಮ್ಮಾ, ಸ್ಪೀಡ್ ಪೋಸ್ಟಾ?" ಕಿಟಕಿಯ ಒಳಗಿದ್ದ ಹುಡುಗ ಕೇಳಿದ.

"ಬೇಗ ಹೋಗುದು ಯಾವುದೋ ಅದು."

"ಅಷ್ಟು ಅರ್ಜೆಂಟಾ?"

"ಅರ್ಜೆಂಟ್ ಇದ್ದಾಗ ನಾನು ಬರಲಿಲ್ಲ ಮಗಾ. ಈಗ ಬಂದಿದ್ದೇನೆ."

ಅವನಿಗೆ ಅರ್ಥವಾಗಲಿಲ್ಲ. ತೂಗಿ, ಮುದ್ರೆ ಒತ್ತಿ, ರಶೀದಿ ಕೊಟ್ಟು, ಲಕೋಟೆಯನ್ನು ಚೀಲಕ್ಕೆ ಹಾಕಿದ. ಸುಂದರಿ ಕಿಟಕಿಯ ಬದಿಗೆ ಸರಿದು ಹಿಂದಿನವರಿಗೆ ಜಾಗ ಬಿಟ್ಟಳು, ಮನೆಗೆ ಹೋಗಲಿಲ್ಲ. ಚೀಲದ ಬಾಯಿ ಕಟ್ಟಿ ವ್ಯಾನಿಗೆ ಏರಿಸಿದರು. ವ್ಯಾನು ಪುತ್ತೂರಿನ ಕಡೆ ತಿರುಗುವವರೆಗೂ ಅವಳು ಅಲ್ಲೇ ನಿಂತಿದ್ದಳು.